ಗಿರಿಜನಬಂಧು ವೆರಿಯರ್ ಎಲ್ವಿನ್

ನರ್ಮದಾ ನದಿ ಹುಟ್ಟುವುದು ಅಮರಕಂಟಕದಲ್ಲಿ. ಅದರ ಸುತ್ತಲೂ ಮೈಕಲ ಬೆಟ್ಟಗಳ ಸಾಲು ಹಬ್ಬಿದೆ. ಸಾಲವೃಕ್ಷಗಳ ದಟ್ಟವಾದ ಕಾಡು, ಕಾಡಿನ ನಡುನಡುವೆ ಹುಲ್ಲುಮಾಡಿನ ಪುಟ್ಟ ಹಳ್ಳಿಗಳು. ಆ ಹಳ್ಳಿಗಳಲ್ಲಿ ಗೊಂಡರು, ಬೈಗರು ಮೊದಲಾದ ಗಿರಿಜನರು ತಲೆತಲಾಂತರದಿಂದ ಬಾಳಿಕೊಂಡು ಬಂದಿದ್ದಾರೆ. 1932ನೆಯ ಇಸವಿಯ ಜನವರಿ ತಿಂಗಳಿನಲ್ಲಿ ಆ ಪ್ರದೇಶದ ಕರಂಜಿಯಾ ಎಂಬ ಹಳ್ಳಿಗೆ ಇಬ್ಬರು ತರುಣರು ಬಂದು ಇಳಿದರು. ಒಬ್ಬರು ಮಹಾರಾಷ್ಟ್ರದ ಶಾಮರಾವ್ ಹಿವಾಳೆ. ಇನ್ನೊಬ್ಬರು ಇಪ್ಪತ್ತೊಂಬತ್ತು ವರ್ಷ ವಯಸ್ಸಿನ ಆಂಗ್ಲರು, ಖಾದಿ ಉಟ್ಟವರು. ಸೌಮ್ಯವಾದ ಮುಖ, ಎತ್ತರವಾದ ನಿಲುವು. ಆ ಬಡಜನರ ಸೇವೆ ಮಾಡಬೇಕು, ಅವರಿಗೆ ನಾಲ್ಕು ಅಕ್ಷರ ಕಲಿಸಬೇಕು ಎಂಬುದು ಅವರ ಅಂದಿನ ಹಂಬಲ. ಆದರೆ ಕಲಿಸಲೆಂದು ಬಂದ ಆ ಮಹನೀಯರು ಆ ಜನರಿಂದ ತಾವೇ ಕಲಿತರು. ಕಲಿತುದನ್ನು ಲೋಕಕ್ಕೆ ತಿಳಿಸುವುದರಲ್ಲಿಯೇ ತಮ್ಮ ಆಯುಷ್ಯವನ್ನು ಸವೆಸಿದರು. ಅವರೇ ಪ್ರಖ್ಯಾತ ಮಾನವಶಾಸ್ತ್ರಜ್ಞ ವೆರಿಯರ್ ಎಲ್ವಿನ್ನರು.

ಎಲ್ವಿನ್ನರು ಹುಟ್ಟಿದುದು 1902ನೆಯ ಇಸವಿ ಆಗಸ್ಟ್ 29ರಂದು, ಇಂಗ್ಲೆಂಡಿನ ಡೋವರ್ ಎಂಬ ಊರಿನಲ್ಲಿ. ಅವರ ತಂದೆ ಆಫ್ರಿಕದ ಸಿಯೆರಾ ಲಿಯೋನ್ ಪ್ರಾಂತದಲ್ಲಿ ಕ್ರೈಸ್ತ ಬಿಷಪ್ಪರಾಗಿದ್ದರು. ಬಾಲಕನಿಗೆ ಇನ್ನೂ ಏಳು ವರ್ಷ ತುಂಬುವ ಹೊತ್ತಿಗೆ ತಂದೆ ತೀರಿಕೊಂಡರು. ದೈವಭಕ್ತೆಯಾದ ತಾಯಿ ಮಕ್ಕಳನ್ನು ಕಟ್ಟುನಿಟ್ಟಾದ ಧಾರ್ಮಿಕ ವಾತಾವರಣದಲ್ಲಿ ಬೆಳೆಸಿದರು. ಎಲ್ವಿನ್ನರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮರ್ಟನ್ ಕಾಲೇಜಿನಲ್ಲಿ ಓದಿ, ಇಂಗ್ಲಿಷ್ ಸಾಹಿತ್ಯದಲ್ಲಿಯೂ ಧರ್ಮಶಾಸ್ತ್ರದಲ್ಲಿಯೂ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದರು. 1926ರಲ್ಲಿ ಆಕ್ಸ್‌ಫರ್ಡಿನಲ್ಲಿಯೇ ಪಾದ್ರಿಗಳನ್ನು ತರಬೇತುಗೊಳಿಸುವ ಸಂಸ್ಥೆಯೊಂದರ ಉಪಪ್ರಾಂಶುಪಾಲರಾದರು. ಗೌರವ, ಪದವಿ, ನೆಮ್ಮದಿಯ ಜೀವನ ಎಲ್ಲವೂ ಅವರಿಗಾಗಿ ಕಾದಿದ್ದುವು. ಆದರೆ ಅವರ ಮನಸ್ಸು ಬೇರೊಂದು ದಿಕ್ಕಿಗೆ ತುಡಿಯುತ್ತಿತ್ತು. ತಮ್ಮ ದೇಶದವರು ಭಾರತದಿಂದ ಪಡೆದುಕೊಂಡದ್ದೇ ಹೆಚ್ಚು, ಕೊಟ್ಟದ್ದು ಅತ್ಯಲ್ಪ. ಆ ಋಣವನ್ನು ತಮ್ಮ ಕೈಲಾದಷ್ಟಾದರೂ ತೀರಿಸಬೇಕು ಎಂದು ಅವರಿಗೆ ಅನ್ನಿಸಿತು. 1927ರಲ್ಲಿ ಅವರು ಭಾರತಕ್ಕೆ ಬಂದರು.

ಅವರು ಮೊದಲು ಸೇರಿದುದು ಪುಣೆಯ ಕ್ರಿಸ್ತ ಸೇವಾ ಸಂಘವನ್ನು. ಅಲ್ಲಿನವರು ಖಾದಿಯನ್ನು ಉಟ್ಟು, ನೆಲದ ಮೇಲೆ ಕುಳಿತು ಉಂಡು, ಭಾರತೀಯರಂತೆಯೇ ಬದುಕುತ್ತಿದ್ದರು. 1928ರಲ್ಲಿ ಎಲ್ವಿನ್ನರು ಸಾಬರಮತಿ ಆಶ್ರಮಕ್ಕೆ ಹೋಗಿ ಮಹಾತ್ಮಾ ಗಾಂಧಿಯವರನ್ನು ಕಂಡರು. ಆ ಭೇಟಿ ಅವರ ಬಾಳಿನ ಹಾದಿಯನ್ನೇ ಬದಲಿಸಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಜನರ ಪಕ್ಷವನ್ನು ಅವರು ಬಹಿರಂಗವಾಗಿಯೇ ವಹಿಸಿದರು. 1932ರ ಜನವರಿ 4ರ ಬೆಳಗಿನ ಜಾವ ಮುಂಬಯಿಯ ಮಣಿಭವನದಲ್ಲಿ ಗಾಂಧೀಜಿಯವರನ್ನು ಪೊಲೀಸರು ಬಂಧಿಸಿದಾಗ ಎಲ್ವಿನ್ನರೂ ಶಾಮರಾಯರೂ ಅಲ್ಲಿಯೇ ಇದ್ದರು. ಆಳುವ ಜನಾಂಗದವರೊಬ್ಬರು ಆಳಿಸಿಕೊಳ್ಳುವವರ ಜೊತೆ ನಿಂತುದನ್ನು ಸರ್ಕಾರ ಸಹಿಸಲಿಲ್ಲ. ಅದೇ ವರ್ಷ ಅವರು ಸ್ವದೇಶಕ್ಕೆ ಹೋಗಿದ್ದಾಗ, ಭಾರತಕ್ಕೆ ಮರಳಲು ಅನುಮತಿ ದೊರೆಯುವುದೇ ಕಷ್ಟವಾಯಿತು. ರಾಜಕೀಯ ಚಳವಳಿಯಲ್ಲಿ ಭಾಗವಹಿಸುವುದಿಲ್ಲ, ಗೊಂಡರ ಸೇವೆಯಲ್ಲಿಯೇ ಇರುತ್ತೇನೆ ಎಂದು ಒಪ್ಪಿಕೊಂಡ ಬಳಿಕವೇ ಅವರು ಹಿಂತಿರುಗಲು ಸಾಧ್ಯವಾಯಿತು.

ಗೊಂಡರ ನಡುವೆ ನೆಲಸುವಂತೆ ಅವರಿಗೆ ಸೂಚಿಸಿದವರು ಗಾಂಧೀಜಿಯವರ ಆಪ್ತರಾಗಿದ್ದ ಜಮನಾಲಾಲ್ ಬಜಾಜರು. ಗಿರಿಜನರ ಗೋಳನ್ನು ಕೇಳುವವರು ಆಗ ಬಹಳ ವಿರಳ. ಎಲ್ವಿನ್ನರು ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡರು. ಆದರೆ ಇಲ್ಲಿಯೂ ಒಂದು ತೊಡಕು ಎದುರಾಯಿತು. ದೊರೆಗೆ ನಿಷ್ಠೆಯ ಪ್ರಮಾಣ ಮಾಡದೆ ಪಾದ್ರಿಯಾಗಿ ಕೆಲಸ ಮಾಡಲು ಆ ಪ್ರಾಂತದ ಬಿಷಪ್ಪರು ಅನುಮತಿ ಕೊಡಲಿಲ್ಲ. ಅಲ್ಲದೆ, ಗಿರಿಜನರನ್ನು ಅವರ ಧರ್ಮದಿಂದ ಬೇರೆ ಧರ್ಮಕ್ಕೆ ಸೆಳೆಯುವುದು ಎಲ್ವಿನ್ನರ ಮನಸ್ಸಿಗೂ ಒಪ್ಪಿಗೆಯಾಗಲಿಲ್ಲ. ಕೊನೆಗೆ 1935ರಲ್ಲಿ ಅವರು ಚರ್ಚಿನ ಸಂಬಂಧವನ್ನೇ ಕಡಿದುಕೊಂಡರು. ಹುಟ್ಟಿನಿಂದ ಬಂದ ನೆಲೆಯನ್ನು ತೊರೆಯುವುದು ಸುಲಭದ ಮಾತಲ್ಲ. ಇಂಗ್ಲೆಂಡಿನಲ್ಲಿದ್ದ ತಾಯಿಗೆ ಅದು ಎಂತಹ ನೋವನ್ನುಂಟುಮಾಡುವುದೆಂದು ಅವರು ಬಲ್ಲವರಾಗಿದ್ದರು. ಆದರೂ ಅವರು ಹಿಂದೆಗೆಯಲಿಲ್ಲ.

ಕರಂಜಿಯಾದಲ್ಲಿ ಗೆಳೆಯರಿಬ್ಬರೂ ಮಣ್ಣುಗೋಡೆಯ ಗುಡಿಸಲಿನಲ್ಲಿ ಬಿಡಾರ ಮಾಡಿದರು. ಮಕ್ಕಳಿಗೆ ಶಾಲೆ, ರೋಗಿಗಳಿಗೆ ಔಷಧಾಲಯ, ಕುಷ್ಠರೋಗಿಗಳಿಗೆ ಆಶ್ರಯಧಾಮ ಇವುಗಳನ್ನು ತೆರೆದರು. ಹಳ್ಳಿಯ ಜನ ಎಲ್ವಿನ್ನರನ್ನು ದೊಡ್ಡಣ್ಣನೆಂದೂ ಶಾಮರಾಯರನ್ನು ಚಿಕ್ಕಣ್ಣನೆಂದೂ ತಮ್ಮ ಮಾತಿನಲ್ಲಿ ಕರೆಯತೊಡಗಿದರು. ಮುಂದೆ ಅವರು ಸಮೀಪದ ಪಾಟನಗಢ ಎಂಬ ಹಳ್ಳಿಗೆ ಹೋಗಿ ನೆಲಸಿದರು. ಮಲೇರಿಯ ಜ್ವರ ಎಲ್ವಿನ್ನರನ್ನು ಮತ್ತೆ ಮತ್ತೆ ಕಾಡಿತು. ಹಣದ ಅಡಚಣೆ ತಪ್ಪಲಿಲ್ಲ. ಸಂಜೆಯ ಹೊತ್ತು ಬೆಂಕಿಯ ಸುತ್ತ ಕುಳಿತು ಜನರ ಮಾತುಗಳನ್ನು ಕೇಳುವುದು ಅವರಿಗೆ ಅಭ್ಯಾಸವಾಯಿತು. ನಾಳೆಗೆ ಧಾನ್ಯವಿಲ್ಲದವರ ಬಾಯಲ್ಲಿ ಎಷ್ಟೊಂದು ಹಾಡುಗಳು! ಅಕ್ಷರವನ್ನೇ ಅರಿಯದ ಮುದುಕರ ನೆನಪಿನಲ್ಲಿ ಲೋಕ ಹುಟ್ಟಿದ ಬಗೆಗೆ ಎಷ್ಟೊಂದು ಕಥೆಗಳು! ಆಕ್ಸ್‌ಫರ್ಡಿನಲ್ಲಿ ಕಾವ್ಯವನ್ನು ಓದಿದ್ದ ಎಲ್ವಿನ್ನರಿಗೆ ಆ ಹಾಡುಗಳಲ್ಲಿಯೂ ನಿಜವಾದ ಕಾವ್ಯ ಕಾಣಿಸಿತು. ಇವರು ಏನೂ ಇಲ್ಲದ ಜನರಲ್ಲ, ಇವರ ಸಂಪತ್ತನ್ನು ಹೊರಗಿನವರು ಕಂಡಿಲ್ಲವಷ್ಟೆ ಎಂಬ ಅರಿವು ಅವರಲ್ಲಿ ಮೂಡಿತು. ಅಂದಿನಿಂದ ಅವರ ಕೈಯಲ್ಲಿ ಟಿಪ್ಪಣಿ ಪುಸ್ತಕ ಸದಾ ಇರುತ್ತಿತ್ತು.

ಈ ಸಂಪತ್ತು ಹೇಗೆ ಸೂರೆಯಾಗುತ್ತಿದೆ ಎಂಬುದನ್ನೂ ಅವರು ಕಣ್ಣಾರೆ ಕಂಡರು. ಬೈಗರ ಕಥೆಯನ್ನೇ ನೋಡಬಹುದು. ಭೂಮಿ ತಾಯಿ, ನೇಗಿಲಿನಿಂದ ಅವಳ ಎದೆಯನ್ನು ಸೀಳಬಾರದು ಎಂಬುದು ಬೈಗರ ನಂಬಿಕೆ. ಆದುದರಿಂದ ಅವರು ಕಾಡಿನ ಒಂದು ತುಂಡನ್ನು ಕಡಿದು, ಒಣಗಿಸಿ, ಸುಟ್ಟು, ಆ ಬೂದಿಯಲ್ಲಿ ಹಾರಕ, ಸಾಮೆ ಮೊದಲಾದ ಕಿರುಧಾನ್ಯಗಳನ್ನು ಬಿತ್ತುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ಆ ನೆಲವನ್ನು ಕಾಡಿಗೆ ಬಿಟ್ಟು ಮುಂದಕ್ಕೆ ಹೋಗುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಕುಮರಿ ಬೇಸಾಯವೆಂದು ಕರೆಯುವ ಈ ಪದ್ಧತಿಗೆ ಅಲ್ಲಿ ಬೇವರ್ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸರ್ಕಾರ ಕಾಡುಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಬೇವರ್ ಬೇಸಾಯವನ್ನು ನಿಷೇಧಿಸುತ್ತ ಬಂದಿತು. 1890ರಲ್ಲಿ ಬೈಗಾಚಕ ಎಂಬ ಸಣ್ಣ ಪ್ರದೇಶವನ್ನು ಗೊತ್ತುಮಾಡಿ, ಅಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಟ್ಟಿತು. ಉಳಿದ ಬೈಗರು ನಂಬಿಕೆಗೆ ವಿರುದ್ಧವಾಗಿ ನೇಗಿಲನ್ನು ಹಿಡಿಯಬೇಕಾಯಿತು. ಕಾಯಿದೆಯ ಪುಸ್ತಕದಲ್ಲಿ ಅದು ಒಂದು ಬೇಸಾಯ ಪದ್ಧತಿಯ ಬದಲಾವಣೆ. ಬೈಗರ ಪಾಲಿಗೆ ಅದು ತಾಯಿಗೆ ಮಾಡಿದ ದ್ರೋಹ.

ಅಗರಿಯರ ಪಾಡು ಇನ್ನೊಂದು ಬಗೆಯದು. ಕಲ್ಲಿನಿಂದ ಕಬ್ಬಿಣವನ್ನು ಕರಗಿಸಿ ತೆಗೆಯುವುದು ಅವರ ಕುಲವೃತ್ತಿ. ಮಣ್ಣಿನ ಪುಟ್ಟ ಕುಲುಮೆ, ಕಾಲಿನಿಂದ ತುಳಿಯುವ ತಿದಿ, ಇದ್ದಲು ಇವಿಷ್ಟೇ ಅವರ ಸಾಧನಗಳು. ಕುಲುಮೆಯಲ್ಲಿ ಲೋಹಾಸುರನೆಂಬ ದೇವತೆ ನೆಲಸಿರುವನೆಂದು ಅವರು ನಂಬಿದ್ದರು. ಸರ್ಕಾರ ಕುಲುಮೆಗಳ ಮೇಲೆ ತೆರಿಗೆ ಹಾಕಿತು. ಇದ್ದಲಿಗೆ ಮರ ಸಿಕ್ಕುವುದು ದುಸ್ತರವಾಯಿತು. ಪೇಟೆಗೆ ಕಾರ್ಖಾನೆಯ ಅಗ್ಗದ ಕಬ್ಬಿಣ ಬಂದಿತು. ಒಂದೊಂದಾಗಿ ಕುಲುಮೆಗಳು ಆರಿದುವು. ಕುಲುಮೆ ಆರಿದೊಡನೆ ಅದರ ದೇವತೆಯ ಕಥೆಯೂ, ಆ ಕಥೆಯನ್ನು ನಂಬಿ ಬಾಳಿದವರ ಆತ್ಮವಿಶ್ವಾಸವೂ ಕುಂದಿದುವು. ಎಲ್ವಿನ್ನರು ಈ ಎರಡು ಜನಾಂಗಗಳನ್ನು ಕುರಿತು 1939ರಲ್ಲಿಯೂ 1942ರಲ್ಲಿಯೂ ಬೃಹದ್ಗ್ರಂಥಗಳನ್ನು ಪ್ರಕಟಿಸಿದರು. ಒಂದು ಜನಾಂಗ ಹೊಟ್ಟೆಗಿಲ್ಲದೆ ಸೊರಗುವಂತೆ, ತನ್ನ ಬಾಳಿಗೆ ಬೆಲೆಯಿಲ್ಲವೆಂದು ತಿಳಿದುಕೊಂಡಾಗಲೂ ಸೊರಗುತ್ತದೆ. ಅವರ ಬರಹಗಳೆಲ್ಲದರ ಹಿಂದೆ ಇರುವುದು ಈ ಒಂದು ತಿಳಿವು.

ಎಲ್ವಿನ್ನರು ಮಾನವಶಾಸ್ತ್ರವನ್ನು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಓದಿದವರಲ್ಲ. ಜನರ ನಡುವೆ ವರ್ಷಾನುಗಟ್ಟಲೆ ಬದುಕುವುದೇ ಅವರ ಓದು. ಬಸ್ತರಿನ ಕಾಡುಗಳಲ್ಲಿ ಮುರಿಯ ಜನರ ಜೊತೆಗಿದ್ದು ಅವರ ಘೋಟುಲ್ ಎಂಬ ವ್ಯವಸ್ಥೆಯನ್ನು ಅಭ್ಯಾಸ ಮಾಡಿದರು. ಘೋಟುಲ್ ಎಂದರೆ ಹಳ್ಳಿಯ ಎಳೆಯರ ಮನೆ. ಹಗಲೆಲ್ಲ ಹೊಲಮನೆಗಳಲ್ಲಿ ದುಡಿದ ಹುಡುಗ ಹುಡುಗಿಯರು ಸಂಜೆ ಅಲ್ಲಿ ಸೇರಿ, ತಮ್ಮವರೇ ಆದ ನಾಯಕರ ಮಾತಿಗೆ ನಡೆದು, ಹಾಡು, ಕುಣಿತ, ಶಿಸ್ತು, ಊರಿನ ಕೆಲಸ ಎಲ್ಲವನ್ನೂ ಕಲಿಯುತ್ತಿದ್ದರು. ಅದನ್ನು ಕುರಿತ ಗ್ರಂಥ 1947ರಲ್ಲಿ ಹೊರಬಂದಿತು. ಒರಿಸ್ಸಾದ ಬೆಟ್ಟಗಳಲ್ಲಿ ಅವರು ಬೊಂಡೊ ಮತ್ತು ಸವರ ಜನರ ಬಳಿ ತಿರುಗಾಡಿದರು. ಸವರರು ಸತ್ತ ಹಿರಿಯರಿಗಾಗಿ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯ ಬಣ್ಣದಿಂದ ಚಿತ್ರ ಬರೆಯುತ್ತಾರೆ. ಆ ಚಿತ್ರಗಳನ್ನೂ ಅವುಗಳ ಅರ್ಥವನ್ನೂ ಎಲ್ವಿನ್ನರು ಸಹನೆಯಿಂದ ಸಂಗ್ರಹಿಸಿದರು. ಎಲ್ಲ ಭಾಷೆಗಳೂ ಅವರಿಗೆ ಬರುತ್ತಿರಲಿಲ್ಲ. ಎಷ್ಟೋ ಕಡೆ ದುಭಾಷಿಗಳನ್ನೇ ನೆಚ್ಚಬೇಕಾಗುತ್ತಿತ್ತು. ಹೀಗೆ ಕೂಡಿಟ್ಟ ಹಾಡು, ಕಥೆ, ಒಗಟು, ಛಾಯಾಚಿತ್ರಗಳು ಹಲವು ಸಂಪುಟಗಳಾದುವು. 1944ರಲ್ಲಿ ಮೈಕಲ ಬೆಟ್ಟಗಳ ಜನಪದ ಗೀತೆಗಳ ಸಂಕಲನವನ್ನು ಅವರೂ ಶಾಮರಾಯರೂ ಜೊತೆಯಾಗಿ ಪ್ರಕಟಿಸಿದರು. ಶಾಮರಾಯರು ತಾವಾಗಿ, ಗೊಂಡರ ಗಾಯಕರಾದ ಪರ್ಧಾನರನ್ನು ಕುರಿತು 1946ರಲ್ಲಿ ಒಂದು ಗ್ರಂಥವನ್ನು ಬರೆದರು. ಎಲ್ವಿನ್ನರ ಕೀರ್ತಿಯ ಹಿಂದೆ ಈ ಗೆಳೆಯರ ಮೌನವಾದ ದುಡಿಮೆ ಇದೆ ಎಂಬುದನ್ನು ಮರೆಯಲಾಗದು.

ಮಹನೀಯರ ಬಾಳಿನಲ್ಲಿಯೂ ಕೊರತೆಗಳಿರುತ್ತವೆ; ಅವನ್ನು ಮರೆಮಾಚುವುದು ಸರಿಯಲ್ಲ. 1940ರಲ್ಲಿ ಎಲ್ವಿನ್ನರು ರಾಜಗೊಂಡ ಮನೆತನದ ಕೋಸಿ ಎಂಬುವರನ್ನು ಮದುವೆಯಾದರು. ಆಕೆ ವಯಸ್ಸಿನಲ್ಲಿ ಅವರಿಗಿಂತ ಬಹಳ ಕಿರಿಯಳು. ಆ ದಾಂಪತ್ಯ ಬಾಳಲಿಲ್ಲ, 1949ರಲ್ಲಿ ವಿಚ್ಛೇದನವಾಯಿತು. ಮುಂದೆ ಅವರು ಪಾಟನಗಢದ ಪರ್ಧಾನ ಕುಲದ ಲೀಲಾ ಎಂಬುವರನ್ನು ವರಿಸಿ ಕೊನೆಯವರೆಗೂ ಸಂಸಾರ ನಡೆಸಿದರು. ಸಾವಿರಾರು ಗಿರಿಜನರ ಮಾತುಗಳನ್ನು ಬರೆದುಕೊಂಡ ಎಲ್ವಿನ್ನರು ತಮ್ಮ ಆತ್ಮಕಥೆಯಲ್ಲಿ ಕೋಸಿಯ ಸಂಗತಿಯನ್ನು ಹೇಳಿಯೂ ಹೇಳದಂತೆ ದಾಟಿಬಿಟ್ಟರು. ಆಕೆಯ ಮನಸ್ಸಿನ ಮಾತು ಆ ಪುಟಗಳಲ್ಲಿ ನಮಗೆ ದೊರೆಯುವುದಿಲ್ಲ.

ಅವರ ವಿಚಾರಗಳೂ ಟೀಕೆಗೆ ಗುರಿಯಾದುವು. ಬೈಗರನ್ನು ಕುರಿತ ಗ್ರಂಥದಲ್ಲಿ ಅವರು, ವಿಶಾಲವಾದ ಕಾಡುಪ್ರದೇಶವೊಂದನ್ನು ಬೈಗರಿಗಾಗಿಯೇ ಮೀಸಲಾಗಿಟ್ಟು, ಹೊರಗಿನ ಸಾಹುಕಾರ, ಗುತ್ತಿಗೆದಾರ, ಮತಪ್ರಚಾರಕರ ಕಾಟ ಅಲ್ಲಿಗೆ ತಟ್ಟದಂತೆ ನೋಡಿಕೊಳ್ಳಬೇಕೆಂದು ಸಲಹೆ ಮಾಡಿದ್ದರು. ಮನುಷ್ಯರನ್ನು ವಸ್ತುಸಂಗ್ರಹಾಲಯದ ಬೊಂಬೆಗಳಂತೆ ಕಾಪಾಡುವುದು ತರವೇ ಎಂದು ಹಲವರು ಆಕ್ಷೇಪಿಸಿದರು. ಸುಪ್ರಸಿದ್ಧ ಸಮಾಜಶಾಸ್ತ್ರಜ್ಞರಾದ ಜಿ. ಎಸ್. ಘುರ್ಯೆ ಅವರು 1943ರಲ್ಲಿ ಗ್ರಂಥವನ್ನೇ ಬರೆದು, ಗಿರಿಜನರು ಉಳಿದ ಸಮಾಜದಿಂದ ಬೇರೆಯವರಲ್ಲ, ಅವರನ್ನು ದೂರವಿಡುವುದು ಸಲ್ಲದು ಎಂದು ವಾದಿಸಿದರು. ಎಲ್ವಿನ್ನರು ಈ ಟೀಕೆಗಳಿಂದ ನೊಂದರೂ ಅವುಗಳಿಗೆ ಕಿವಿಮುಚ್ಚಿಕೊಳ್ಳಲಿಲ್ಲ. ಬದಲಾವಣೆಯನ್ನು ತಡೆಯಲಾಗದು ಎಂಬುದನ್ನು ಅವರು ಕ್ರಮೇಣ ಒಪ್ಪಿಕೊಂಡರು. ಆದರೆ ಆ ಬದಲಾವಣೆ ಯಾರ ಇಚ್ಛೆಯಂತೆ, ಎಷ್ಟು ವೇಗದಲ್ಲಿ, ಯಾವುದನ್ನು ಬಲಿಗೊಟ್ಟು ಆಗಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

ಆ ಪ್ರಶ್ನೆಗೆ ಕಾರ್ಯರೂಪದಲ್ಲಿ ಉತ್ತರ ಕೊಡುವ ಅವಕಾಶ ಸ್ವತಂತ್ರ ಭಾರತದಲ್ಲಿ ಅವರಿಗೆ ಒದಗಿತು. 1946ರಿಂದ ಕೆಲವು ವರ್ಷ ಅವರು ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆಯ ಉಪನಿರ್ದೇಶಕರಾಗಿದ್ದರು. 1954ರಲ್ಲಿ ಭಾರತದ ಪೌರತ್ವವನ್ನು ಪಡೆದರು. ಅದೇ ವರ್ಷ ಸರ್ಕಾರ ಅವರನ್ನು ಈಶಾನ್ಯ ಗಡಿ ಪ್ರಾಂತದ ಗಿರಿಜನ ವ್ಯವಹಾರಗಳ ಸಲಹೆಗಾರರನ್ನಾಗಿ ನೇಮಿಸಿತು. ಇಂದಿನ ಅರುಣಾಚಲ ಪ್ರದೇಶವೇ ಬಹುಮಟ್ಟಿಗೆ ಅಂದಿನ ಆ ಪ್ರಾಂತ. ಷಿಲ್ಲಾಂಗಿನಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ಎಲ್ವಿನ್ನರು ಗಡಿನಾಡಿನ ಉದ್ದಗಲಕ್ಕೂ ಸಂಚರಿಸಿದರು. ಎಷ್ಟೋ ಹಳ್ಳಿಗಳಿಗೆ ರಸ್ತೆಯೇ ಇರಲಿಲ್ಲ. ದಿನಗಟ್ಟಲೆ ಬೆಟ್ಟಗಳನ್ನು ಹತ್ತಿಳಿದು ನಡೆದೇ ಹೋಗಬೇಕಾಗಿತ್ತು.

ಅಲ್ಲಿಗೆ ಆಡಳಿತ ನಡೆಸಲು ಹೋಗುವ ತರುಣ ಅಧಿಕಾರಿಗಳಿಗಾಗಿ ಅವರು 1957ರಲ್ಲಿ ಒಂದು ಕೈಪಿಡಿಯನ್ನು ಬರೆದರು. ಆ ಪ್ರಾಂತದ ಆಡಳಿತ ಯಾವ ತತ್ತ್ವದ ಮೇಲೆ ನಿಲ್ಲಬೇಕು ಎಂಬುದು ಅದರ ವಿಷಯ. ಅಲ್ಲಿನ ಜನರನ್ನು ಕೀಳೆಂದು ಕಾಣಬಾರದು. ಅವರ ಮಗ್ಗದ ಸೊಗಸಾದ ಬಟ್ಟೆಗಳ ಬದಲು ನಗರದ ಉಡುಪುಗಳನ್ನು ಹೇರಬಾರದು. ಶಾಲೆ, ಆಸ್ಪತ್ರೆಗಳನ್ನು ಅಲ್ಲಿನ ಮನೆಗಳ ಮಾದರಿಯಲ್ಲಿಯೇ ಕಟ್ಟಬೇಕು. ನೇಯ್ಗೆ, ಕೆತ್ತನೆಗಳಿಗೆ ಪ್ರೋತ್ಸಾಹ ಕೊಡಬೇಕು. ಔಷಧ, ವಿದ್ಯೆ, ರಸ್ತೆ ಬೇಡವೆಂದು ಅವರು ಹೇಳಲಿಲ್ಲ. ಅವು ಬರಲಿ, ಆದರೆ ಅವುಗಳ ಜೊತೆಗೆ ನಾಚಿಕೆ ಬರಬಾರದು ಎಂಬುದು ಅವರ ಅಭಿಪ್ರಾಯ. ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಈ ವಿಚಾರಗಳನ್ನು ಮೆಚ್ಚಿ, 1959ರ ಎರಡನೆಯ ಮುದ್ರಣಕ್ಕೆ ಮುನ್ನುಡಿ ಬರೆದರು. ಗಿರಿಜನರು ತಮ್ಮ ಸ್ವಭಾವಕ್ಕೆ ಒಪ್ಪುವಂತೆ ಬೆಳೆಯಬೇಕು, ಭೂಮಿ ಮತ್ತು ಕಾಡಿನ ಮೇಲೆ ಅವರಿಗಿರುವ ಹಕ್ಕನ್ನು ಗೌರವಿಸಬೇಕು, ಆಡಳಿತಕ್ಕೆ ಅವರವರನ್ನೇ ತರಬೇತುಗೊಳಿಸಬೇಕು, ಯೋಜನೆಗಳ ಹೊರೆಯನ್ನು ಅತಿಯಾಗಿ ಹೊರಿಸಬಾರದು, ಖರ್ಚಾದ ಹಣದಿಂದಲ್ಲ, ಬೆಳೆದ ಮನುಷ್ಯರ ಗುಣದಿಂದ ಫಲವನ್ನು ಅಳೆಯಬೇಕು ಎಂಬ ಐದು ಸೂತ್ರಗಳು ಆ ಮುನ್ನುಡಿಯಲ್ಲಿ ಅಡಕವಾಗಿವೆ. ಅವು ಗಿರಿಜನರ ಪಂಚಶೀಲವೆಂದು ಹೆಸರಾದುವು.

1961ರಲ್ಲಿ ಭಾರತ ಸರ್ಕಾರ ಎಲ್ವಿನ್ನರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಬಿಡುವಿಲ್ಲದ ದುಡಿಮೆಯಿಂದ ಅವರ ಹೃದಯ ದುರ್ಬಲವಾಗಿತ್ತು. 1964ರ ಫೆಬ್ರವರಿ 22ರಂದು ಅವರು ದೆಹಲಿಯಲ್ಲಿ ನಿಧನರಾದರು. ಕೊನೆಯ ದಿನಗಳಲ್ಲಿ ಅವರ ಮನಸ್ಸು ಬುದ್ಧನ ಕಡೆಗೆ ಒಲಿದಿತ್ತು. ಷಿಲ್ಲಾಂಗಿನಲ್ಲಿ ಬೌದ್ಧವಿಧಿಯಂತೆ ಅವರ ಅಂತ್ಯಕ್ರಿಯೆ ನಡೆಯಿತು. ಅದೇ ವರ್ಷ ಪ್ರಕಟವಾದ ಅವರ ಆತ್ಮಕಥೆಗೆ 1965ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅವರು ಸಂಗ್ರಹಿಸಿದ ಗಿರಿಜನರ ಕಲಾವಸ್ತುಗಳನ್ನು ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ರಕ್ಷಿಸಲಾಗಿದೆ.

ಆದರೆ ಅವರ ದುಡಿಮೆಯ ಅರ್ಥವನ್ನು ತಿಳಿಯಬೇಕಾದರೆ ವಸ್ತುಸಂಗ್ರಹಾಲಯಕ್ಕಿಂತ ಅವರು ಬಾಳಿದ ಹಳ್ಳಿಯ ಕಡೆಗೆ ನೋಡುವುದು ಲೇಸು. ಎಲ್ವಿನ್ನರು ತೀರಿಕೊಂಡು ಇಪ್ಪತ್ತು ವರ್ಷಗಳಾಗುವ ಮೊದಲೇ, 1980ರ ದಶಕದ ಆರಂಭದಲ್ಲಿ, ಪಾಟನಗಢದ ಪರ್ಧಾನ ಕುಲದ ಜನಗಢ ಸಿಂಗ್ ಶ್ಯಾಮ್ ಎಂಬ ತರುಣನು ಮನೆಯ ಗೋಡೆಯ ಮೇಲೆ ಬರೆದಿದ್ದ ಚಿತ್ರಗಳು ಭೋಪಾಲದ ಕಲಾವಿದರ ಕಣ್ಣಿಗೆ ಬಿದ್ದುವು. ಅಲ್ಲಿನ ಭಾರತ ಭವನಕ್ಕೆ ಬಂದ ಆತ, ತನ್ನ ಪೂರ್ವಿಕರು ಹಾಡುತ್ತಿದ್ದ ದೇವತೆಗಳನ್ನೂ ಮೃಗಪಕ್ಷಿಗಳನ್ನೂ ಬಣ್ಣಗಳಲ್ಲಿ ಮೂಡಿಸಿ ದೇಶವಿದೇಶಗಳಲ್ಲಿ ಹೆಸರಾದನು. ಅವನ ಹಾದಿಯಲ್ಲಿ ಹಲವರು ನಡೆದರು. ಎಲ್ವಿನ್ನರು ಆರಿಹೋದೀತೆಂದು ಅಂಜಿದ ದೀಪ ಹೊಸ ಬತ್ತಿಯಲ್ಲಿ ಉರಿಯಿತು. 2006ರಲ್ಲಿ ನಮ್ಮ ಸಂಸತ್ತು, ಕಾಡಿನಲ್ಲಿ ಬಾಳುವ ಜನರಿಗೆ ಕಾಡಿನ ಮೇಲಿರುವ ಹಕ್ಕುಗಳನ್ನು ಕಾಯಿದೆಯ ಮೂಲಕ ಮಾನ್ಯಮಾಡಿತು. ಬೈಗರ ಪರವಾಗಿ ಎಲ್ವಿನ್ನರು 1939ರಲ್ಲಿ ಎತ್ತಿದ್ದ ಮೊರೆಗೆ ದೊರೆತ ತಡವಾದ ಉತ್ತರವೆಂದು ಅದನ್ನು ಭಾವಿಸಬಹುದು.

ಒಂದು ಜನಾಂಗದ ಸಂಸ್ಕೃತಿಯನ್ನು ಪುಸ್ತಕದಲ್ಲಿ ಬರೆದಿಡಬಹುದು. ಆದರೆ ಅದನ್ನು ಬದುಕಿಸುವವರು ಆ ಜನರೇ. ಹೊರಗಿನವನು ಮಾಡಬಹುದಾದುದು ಇಷ್ಟೇ: ಗೌರವದಿಂದ ಕೇಳುವುದು, ಕೇಳಿದುದನ್ನು ಪ್ರಾಮಾಣಿಕವಾಗಿ ಬರೆಯುವುದು, ಅನ್ಯಾಯವನ್ನು ಕಂಡಾಗ ಅವರ ಪರವಾಗಿ ನಿಲ್ಲುವುದು. ದೂರದೇಶದಿಂದ ಬಂದ ವೆರಿಯರ್ ಎಲ್ವಿನ್ನರು ಈ ಕೆಲಸವನ್ನು ಮೂವತ್ತು ವರ್ಷಗಳಿಗೂ ಮೀರಿ ಮಾಡಿದರು. ಕಾಡಿನ ನಡುವಿನ ಗುಡಿಸಲಿನಲ್ಲಿ ಬೆಂಕಿಯ ಬಳಿ ಕುಳಿತು, ಅನಕ್ಷರಸ್ಥ ಮುದುಕನೊಬ್ಬನ ಮಾತನ್ನು ಶಿಷ್ಯನಂತೆ ಬರೆದುಕೊಳ್ಳುತ್ತಿದ್ದ ಆ ವಿದ್ವಾಂಸರ ವಿನಯ ನಮಗೆಲ್ಲ ಆದರ್ಶವಾಗಿದೆ.